ಸಾಲಿನ ನಡುವೆ ನಡೆಯಲು ಕಲಿತ ಟ್ರ್ಯಾಕ್ಟರ್

ಮುಂಬಯಿಯ ಕಾಂದಿವಲಿ ಪೂರ್ವದಲ್ಲಿ ನಾನಿರುವುದು. ದಿನಾ ಬೆಳಿಗ್ಗೆ ಆಕುರ್ಲಿ ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಗೋರೆಗಾಂವದ ಆಫೀಸಿಗೆ ಹೋಗುತ್ತೇನೆ. ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಮಹೀಂದ್ರ ಟ್ರ್ಯಾಕ್ಟರ್ ಕಾರ್ಖಾನೆ ಇದೆ. ಈ ಕಡೆ ಇರುವ ಓದುಗರು ಅದರ ಪಕ್ಕದಲ್ಲಿ ನೂರಾರು ಸಲ ಓಡಾಡಿರುತ್ತೀರಿ. ನಾನೂ ಏಳೆಂಟು ವರ್ಷ ಹಾಗೇ ಓಡಾಡಿದ್ದೆ. ಎರಡು ವರ್ಷದ ಹಿಂದೆ, ಕಾರಹುಣ್ಣಿಮೆಗೆ ಇನ್ನೂ ವಾರವಿರುವಾಗ, ಅದೇ ದಾರಿಯಲ್ಲಿ ಅಪ್ಪನ ಫೋನು ಬಂತು.

"ತಮ್ಮಾ, ಎತ್ತು ಕೊಟ್ಟಬಿಟ್ನಿ."

ಕಾರಹುಣ್ಣಿಮೆ ನಮ್ಮ ಕಡೆ ಎತ್ತುಗಳ ಹಬ್ಬ. ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಗೊಂಡೆ ಕಟ್ಟಿ ಮೆರೆಸುವ ದಿನ. ಆ ಹಬ್ಬಕ್ಕೆ ಮುಂಚೆ ಅಪ್ಪ ಎತ್ತು ಮಾರಿದ್ದಾನೆಂದರೆ, ಹಬ್ಬದ ದಿನ ಅವುಗಳನ್ನು ನೋಡಿದ ಮೇಲೆ ಮಾರುವುದು ತನ್ನಿಂದಾಗದು ಎಂದು ಅವನಿಗೆ ಗೊತ್ತಿತ್ತು. ನಾನು ಏನೂ ಕೇಳಲಿಲ್ಲ. ಅವನೇ ಹೇಳಿದ: "ಮೇವಿಲ್ಲ, ಕಟ್ಟವರಿಲ್ಲ, ನನಗೂ ಮೊಣಕಾಲು ಏಳಂಗಿಲ್ಲ. ಉಳುಮಿ ಏನು, ಬಾಡಿಗಿ ಟ್ರ್ಯಾಕ್ಟರ್ ಬರತೈತಿ. ಎಡಿ ಹೊಡ್ಯೂದ ಚಿಂತಿ."

ಎಡೆ ಹೊಡೆಯುವುದು. ಕುಂದಗೋಳದ ಕಡೆಯ ಎರೆಹೊಲದಲ್ಲಿ ಬೆಳೆದವರಿಗೆ ಈ ಮಾತು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಕೂರಿಗೆಯಿಂದ ಸಾಲಾಗಿ ಬಿತ್ತಿದ ಮೇಲೆ, ಪೈರು ಗೇಣುದ್ದ ಬಂದಾಗ, ಎರಡು ಸಾಲಿನ ನಡುವಿನ ಜಾಗದಲ್ಲಿ ಎಡೆಕುಂಟೆ ಹಾಯಿಸುತ್ತಾರೆ. ಅದರ ಕಬ್ಬಿಣದ ಕುಡ ಮಣ್ಣಿನೊಳಗೆ ಒಂದೆರಡು ಇಂಚು ಸರಿದು ಕಸದ ಬೇರು ಕತ್ತರಿಸುತ್ತದೆ. ಬಿರುಕು ಬಿಡುವ ಎರೆಮಣ್ಣಿನ ಬಾಯಿ ಮುಚ್ಚಿ ತೇವ ಉಳಿಸುತ್ತದೆ. ಎತ್ತುಗಳು ಪೈರಿಗೆ ಬಾಯಿ ಹಾಕದಂತೆ ಮುಸುಡಿಗೆ ಬಲೆ ಕಟ್ಟಿರುತ್ತಾರೆ. ಈ ಕೆಲಸದ ನೊಗವೇ ಬೇರೆ, ಉಳುವ ನೊಗಕ್ಕಿಂತ ಉದ್ದ. ಎತ್ತಿನ ಗೊರಸು ಸಾಲಿನ ಮೇಲೆ ಬೀಳದೆ ಸಾಲಿನ ನಡುವೆಯೇ ಬೀಳಬೇಕು, ಅದಕ್ಕೆ. ಹಿಂದೆ ನಡೆಯುವವನ ಕಣ್ಣು ಕುಡದ ಮೇಲಿಂದ ಕದಲುವಂತಿಲ್ಲ. ಒಂದು ಗೇಣು ಆಚೀಚೆ ಆದರೆ ಕಸದ ಜೊತೆ ಪೈರೂ ಹೋಯಿತು.

ಅಂದು ಆಫೀಸಿನಲ್ಲಿ ಕೂತರೂ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಉಳುವ ಕೆಲಸ ಟ್ರ್ಯಾಕ್ಟರಿಗೆ ಎಂದೋ ಬಂದಿದೆ. ಎಡೆ ಹೊಡೆಯುವ ಕೆಲಸ ಅದಕ್ಕೆ ಯಾಕೆ ಬಂದಿಲ್ಲ? ಆಗ ನೆನಪಾದದ್ದು ಅಮೆರಿಕದಲ್ಲಿ ಕಂಡ ಒಂದು ಪುಟ್ಟ ಕೆಂಪು ಟ್ರ್ಯಾಕ್ಟರ್.

ಲೂಯಿವಿಲ್‌ನ ಕೆಂಪು ಮರಿ

2018ರಲ್ಲಿ ಕಂಪನಿಯವರು ನನ್ನನ್ನು ಆರು ತಿಂಗಳ ಮಟ್ಟಿಗೆ ಕೆಂಟಕಿ ರಾಜ್ಯದ ಲೂಯಿವಿಲ್ ನಗರಕ್ಕೆ ಕಳಿಸಿದ್ದರು. ಒಂದು ಶನಿವಾರ ಜೊತೆಯವರೊಂದಿಗೆ ಊರಾಚೆ ಹೋದಾಗ ನಮ್ಮ ಜಾತ್ರೆಯಂಥದೇ ಒಂದು ಮೇಳ ಸಿಕ್ಕಿತು. ಜೋಳದ ತೆನೆ, ಕುದುರೆ, ಹುಡುಗರ ತೊಟ್ಟಿಲು, ಒಂದು ಪಕ್ಕದಲ್ಲಿ ಹಳೆಯ ಟ್ರ್ಯಾಕ್ಟರುಗಳ ಸಾಲು. ಆ ಸಾಲಿನ ಕೊನೆಯಲ್ಲಿ ಮಕ್ಕಳ ಆಟಿಕೆಯನ್ನು ಯಾರೋ ಊದಿ ದೊಡ್ಡದು ಮಾಡಿದಂಥ ಒಂದು ನಿಂತಿತ್ತು. ಹೆಸರು ಫಾರ್ಮಾಲ್ ಕಬ್. ಕಬ್ ಎಂದರೆ ಮರಿ.

ಅದರಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಎರಡು ಸುತ್ತು ಹಾಕಿದ ಮೇಲೆ ತಿಳಿಯಿತು, ಎಂಜಿನ್ ನಡುವೆ ಇಲ್ಲ. ಎಂಜಿನ್ ಎಡಕ್ಕೆ ಸರಿದಿದೆ, ಕೂರುವ ಆಸನ ಬಲಕ್ಕೆ ಸರಿದಿದೆ. ಅಪಘಾತವಾಗಿ ಡೊಂಕಾಗಿದೆಯೋ ಏನೋ ಎಂದುಕೊಂಡೆ. ಅದರ ಮಾಲೀಕರು, ಎಂಬತ್ತರ ಆಸುಪಾಸಿನ ರೈತರು, ನಕ್ಕು ನನ್ನನ್ನು ಆಸನದ ಮೇಲೆ ಕೂರಿಸಿದರು. ಕೆಳಗೆ ನೋಡು ಎಂದರು. ನೋಡಿದೆ. ನನ್ನ ಕಾಲ ಮುಂದೆ ಎಂಜಿನ್ ಇರಲಿಲ್ಲ, ನೆಲ ಇತ್ತು. ಹೊಟ್ಟೆಯಡಿ ಕಟ್ಟಿದ್ದ ಕುಂಟೆಯ ಕುಡಗಳು ಕಣ್ಣಿಗೆ ನೇರವಾಗಿ ಕಾಣುತ್ತಿದ್ದವು. ಹುಡುಗನಾಗಿದ್ದಾಗ ಇದರ ಮೇಲೆ ಕೂತು ಹೊಗೆಸೊಪ್ಪಿನ ಸಾಲುಗಳಲ್ಲಿ ಕಸ ತೆಗೆದಿದ್ದೇನೆ ಎಂದರು. ಇದು ಹುಟ್ಟಿದ್ದು ಇದೇ ಲೂಯಿವಿಲ್ ಕಾರ್ಖಾನೆಯಲ್ಲಿ ಎಂದೂ ಸೇರಿಸಿದರು.

ಅಂದು ಫೋಟೊ ತೆಗೆಸಿಕೊಂಡು ಬಂದು ಮರೆತಿದ್ದೆ. ಅಪ್ಪ ಎತ್ತು ಮಾರಿದ ಮೇಲೆ ಆ ಫೋಟೊ ಹುಡುಕಿ ತೆಗೆದೆ. ಆಸನ ಬಲಕ್ಕೆ ಸರಿಸಿದವರು ಎಡೆ ಹೊಡೆಯುವವನ ಕಣ್ಣು ಎಲ್ಲಿರಬೇಕು ಎಂದು ಯೋಚಿಸಿದ್ದರು. ಅಲ್ಲಿಂದ ಶುರುವಾದ ಓದು ಹಲವು ರಾತ್ರಿ ನಡೆಯಿತು.

ಉಳಬಲ್ಲದು, ಎಡೆ ಹೊಡೆಯಲಾರದು

ಅಮೆರಿಕದಲ್ಲೂ ಟ್ರ್ಯಾಕ್ಟರ್ ಮೊದಲು ಕಲಿತದ್ದು ಎಳೆಯುವುದನ್ನು. 1917ರಲ್ಲಿ ಹೆನ್ರಿ ಫೋರ್ಡ್ ತಂದ ಫೋರ್ಡ್ಸನ್ ಚಿಕ್ಕದು, ಅಗ್ಗದ್ದು. 1922ರಲ್ಲಿ ಫೋರ್ಡ್ ಅದರ ಬೆಲೆಯನ್ನು 395 ಡಾಲರಿಗೆ ಇಳಿಸಿದಾಗ ಬೇರೆ ಕಂಪನಿಗಳು ತತ್ತರಿಸಿಹೋದವು. ಅವುಗಳಲ್ಲಿ ದೊಡ್ಡದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್. 1902ರಲ್ಲಿ ಮೆಕಾರ್ಮಿಕ್, ಡೀರಿಂಗ್ ಮೊದಲಾದ ಕಂಪನಿಗಳು ಒಂದಾಗಿ ಹುಟ್ಟಿದ ಸಂಸ್ಥೆ ಅದು. ಅವರೂ ಬೆಲೆ ಇಳಿಸಿದರು, ಟ್ರ್ಯಾಕ್ಟರ್ ಕೊಂಡವರಿಗೆ ನೇಗಿಲು ಪುಕ್ಕಟೆ ಕೊಟ್ಟರು.

ಆದರೆ ಫೋರ್ಡ್ಸನ್‌ಗೆ ಒಂದು ಕೊರತೆ ಇತ್ತು. ಅದರ ಹೊಟ್ಟೆ ನೆಲಕ್ಕೆ ಹತ್ತಿರ, ಗಾಲಿಗಳು ಸಾಲು ನೋಡಿ ಮಾಡಿದವಲ್ಲ. ಉತ್ತು ಮುಗಿದು ಮೆಕ್ಕೆಜೋಳ, ಹತ್ತಿ ಮೊಳೆತ ಮೇಲೆ ಅದನ್ನು ಹೊಲಕ್ಕೆ ಇಳಿಸಿದರೆ ಬೆಳೆ ತುಳಿಯುತ್ತಿತ್ತು. ಹಾಗಾಗಿ ಟ್ರ್ಯಾಕ್ಟರ್ ಕೊಂಡ ರೈತನೂ ಕುದುರೆ, ಹೇಸರಗತ್ತೆಗಳನ್ನು ಸಾಕಲೇಬೇಕಿತ್ತು. ಎರಡಕ್ಕೂ ಖರ್ಚು. ಕುದುರೆಗೆ ಮೇವು ಬೆಳೆಯಲೆಂದೇ ಹೊಲದ ಒಂದು ಭಾಗ ಬಿಡಬೇಕಿತ್ತು. ನಮ್ಮಪ್ಪನ "ಮೇವಿಲ್ಲ" ಎಂಬ ಮಾತು ಅಲ್ಲಿಯೂ ಇತ್ತು.

ಹಾರ್ವೆಸ್ಟರ್ ಕಂಪನಿಯ ಎಂಜಿನಿಯರ್ ಬರ್ಟ್ ಬೆಂಜಮಿನ್ ಹಿಡಿದದ್ದು ಈ ಎಳೆಯನ್ನು. ಉಳುವುದು, ಬಿತ್ತುವುದು, ಎಡೆ ಹೊಡೆಯುವುದು, ಕೊಯ್ಲಿನ ಯಂತ್ರ ತಿರುಗಿಸುವುದು, ಎಲ್ಲವನ್ನೂ ಒಂದೇ ಟ್ರ್ಯಾಕ್ಟರ್ ಮಾಡಿದರೆ ಕುದುರೆ ಬೇಡ ಎಂಬುದು ಅವರ ಲೆಕ್ಕ. ಕಂಪನಿಯೊಳಗೆ ಅನುಮಾನ ಪಟ್ಟವರೂ ಇದ್ದರು. 1924ರಲ್ಲಿ ಮಾರಾಟಕ್ಕೆ ಬಂದ ಆ ಟ್ರ್ಯಾಕ್ಟರಿನ ಹೆಸರೇ ಫಾರ್ಮಾಲ್, ಹೊಲದ ಎಲ್ಲ ಕೆಲಸದ್ದು.

ಅದರ ಆಕಾರ ವಿಚಿತ್ರ. ಮುಂದಿನ ಎರಡು ಗಾಲಿ ಒಂದಕ್ಕೊಂದು ಅಂಟಿದಂತೆ ನಡುವಿನಲ್ಲಿವೆ, ದೂರದಿಂದ ಮೂರು ಗಾಲಿಯ ಬಂಡಿಯಂತೆ ಕಾಣುತ್ತದೆ. ಹಿಂದಿನ ಗಾಲಿಗಳು ದೊಡ್ಡವು, ಅಗಲಕ್ಕೆ ನಿಂತವು, ಅಚ್ಚು ನೆಲದಿಂದ ಎತ್ತರದಲ್ಲಿದೆ. ಮುಂಗಾಲಿಗಳು ಎರಡು ಸಾಲಿನ ನಡುವೆ ಹೋಗುತ್ತವೆ, ಹಿಂಗಾಲಿಗಳು ಆ ಎರಡು ಸಾಲುಗಳ ಹೊರಗೆ ಹೋಗುತ್ತವೆ, ಪೈರು ಹೊಟ್ಟೆಯಡಿ ತಲೆ ಬಾಗಿಸದೆ ಹಾಯುತ್ತದೆ. ಹೊಲದ ತುದಿಯಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಒಳಬದಿಯ ಗಾಲಿಗೆ ತಾನಾಗಿ ಬ್ರೇಕ್ ಬಿದ್ದು, ಟ್ರ್ಯಾಕ್ಟರ್ ನಿಂತಲ್ಲೇ ಎಂಬಂತೆ ಹೊರಳಿ ಪಕ್ಕದ ಸಾಲಿಗೆ ಬರುತ್ತಿತ್ತು. ತುದಿಯಲ್ಲಿ ಎತ್ತು ಹೊರಳಿಸುವಾಗ ಒಳಗಿನ ಎತ್ತನ್ನು ತಡೆದು ಹೊರಗಿನದನ್ನು ನಡೆಸುತ್ತಾರಲ್ಲ, ಅದೇ ಉಪಾಯ.

ಇಲಿನಾಯ್ಸ್ ರಾಜ್ಯದ ರಾಕ್ ಐಲೆಂಡ್‌ನಲ್ಲಿ ಇದಕ್ಕಾಗಿಯೇ ಕಾರ್ಖಾನೆ ಎದ್ದಿತು. 1928ರಲ್ಲಿ ಫೋರ್ಡ್ ಅಮೆರಿಕದಲ್ಲಿ ಫೋರ್ಡ್ಸನ್ ತಯಾರಿಕೆ ನಿಲ್ಲಿಸಿದರು. ಆ ಮೊದಲ ಫಾರ್ಮಾಲ್ ಒಟ್ಟು 1.3 ಲಕ್ಷಕ್ಕೂ ಹೆಚ್ಚು ತಯಾರಾಯಿತು.

ದೊಡ್ಡದರಿಂದ ಚಿಕ್ಕದಕ್ಕೆ

ಇಷ್ಟಾದರೂ ಚಿಕ್ಕ ರೈತನಿಗೆ ಇದು ದೊಡ್ಡದೇ. 1932ರಲ್ಲಿ ಹಾರ್ವೆಸ್ಟರ್‌ನವರು ಎಫ್-12 ಎಂಬ ಚಿಕ್ಕ ಫಾರ್ಮಾಲ್ ತಂದರು. ಅದೇ ವರ್ಷ ಆಲಿಸ್-ಚಾಮರ್ಸ್ ಕಂಪನಿ ಕಬ್ಬಿಣದ ಗಾಲಿಯ ಬದಲು ಗಾಳಿ ತುಂಬಿದ ರಬ್ಬರ್ ಟೈರನ್ನು ಟ್ರ್ಯಾಕ್ಟರಿಗೆ ಹಾಕಿ ತೋರಿಸಿತು. ಎಂಜಿನ್‌ನ ಶಕ್ತಿ ಗಾಲಿ ಉರುಳಿಸುವುದರಲ್ಲೇ ಪೋಲಾಗುವುದು ಇದರಿಂದ ಕಡಿಮೆಯಾಯಿತು. ಚಿಕ್ಕ ಎಂಜಿನ್‌ನಿಂದ ಕೆಲಸ ತೆಗೆಯುವ ದಾರಿ ತೆರೆದದ್ದು ಹಾಗೆ. ನಂತರ ಇದೇ ಕಂಪನಿಯ ಸಪೂರ ನಡುವಿನ ಮಾಡೆಲ್ ಬಿ ಚಿಕ್ಕ ಹಿಡುವಳಿಗಳಲ್ಲಿ ಬಹಳ ಓಡಿತು.

1939ರಲ್ಲಿ ಹಾರ್ವೆಸ್ಟರ್‌ನಿಂದ ಫಾರ್ಮಾಲ್ ಎ ಬಂತು. ಮುಂದೆ ಲಕಿ ಸ್ಟ್ರೈಕ್ ಸಿಗರೇಟಿನ ಪೊಟ್ಟಣವನ್ನೂ ಶೆಲ್ ಪೆಟ್ರೋಲಿನ ಚಿಹ್ನೆಯನ್ನೂ ರೂಪಿಸಿದ ರೇಮಂಡ್ ಲೋವಿ ಅದರ ಹೊರಮೈ ತಿದ್ದಿದವರು. ಚೆಂದಕ್ಕಿಂತ ಮುಖ್ಯವಾದದ್ದು ಒಳಗಿನ ಬದಲಾವಣೆ. ಎಂಜಿನ್ನು, ಗೇರು ಪೆಟ್ಟಿಗೆ ಎಲ್ಲವನ್ನೂ ಎಡಕ್ಕೆ ಸರಿಸಿ, ಚಾಲಕನನ್ನು ಬಲಕ್ಕೆ ಕೂರಿಸಿದರು. ಒಂದೇ ಸಾಲಿನ ಟ್ರ್ಯಾಕ್ಟರ್ ಇದು. ಆ ಸಾಲು ಚಾಲಕನ ಕಣ್ಣ ಕೆಳಗೇ ಹಾಯುತ್ತದೆ. ಇದಕ್ಕೆ ಅವರಿಟ್ಟ ಹೆಸರು ಕಲ್ಟಿ-ವಿಷನ್. ನಾನು ಲೂಯಿವಿಲ್‌ನಲ್ಲಿ ಡೊಂಕು ಎಂದುಕೊಂಡದ್ದು ಇದೇ.

ಎರಡನೇ ಮಹಾಯುದ್ಧ ಮುಗಿಯಿತು. ಲೂಯಿವಿಲ್‌ನಲ್ಲಿ ವಿಮಾನ ತಯಾರಿಸುತ್ತಿದ್ದ ಕರ್ಟಿಸ್-ರೈಟ್ ಕಾರ್ಖಾನೆ ಕೆಲಸವಿಲ್ಲದೆ ಉಳಿದಿತ್ತು. ಅದನ್ನು ಹಾರ್ವೆಸ್ಟರ್ 1946ರಲ್ಲಿ ಕೊಂಡಿತು. 1947ರಲ್ಲಿ ಅಲ್ಲಿಂದ ಫಾರ್ಮಾಲ್ ಕಬ್ ಹೊರಟಿತು. ಗುರಿ ಸ್ಪಷ್ಟವಿತ್ತು: 40 ಎಕರೆಯೊಳಗಿನ ಹಿಡುವಳಿ, ಇನ್ನೂ ಒಂದೆರಡು ಕುದುರೆ ಅಥವಾ ಹೇಸರಗತ್ತೆ ಇಟ್ಟುಕೊಂಡಿರುವ ಮನೆ, ಹೊಗೆಸೊಪ್ಪು, ತರಕಾರಿ ಬೆಳೆಯುವವರು. ಅವರ 40 ಎಕರೆ ನಮಗೆ ದೊಡ್ಡ ಜಮೀನು. ಆದರೆ ಅಲ್ಲಿನ ಲೆಕ್ಕದಲ್ಲಿ ಟ್ರ್ಯಾಕ್ಟರ್ ಕಂಪನಿಗಳು ತಿರುಗಿ ನೋಡದಿದ್ದ ರೈತರು ಅವರು.

ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಗಾತ್ರ 60 ಘನ ಇಂಚು, ಅಂದರೆ ಒಂದು ಲೀಟರಿಗೂ ಸ್ವಲ್ಪ ಕಡಿಮೆ. ಆಲ್ಟೊ ಕೆ10 ಕಾರಿನ ಎಂಜಿನ್ ಹೆಚ್ಚುಕಡಿಮೆ ಇಷ್ಟೇ ದೊಡ್ಡದು, ಆದರೆ ಅದರ ಶಕ್ತಿ 60 ಅಶ್ವಶಕ್ತಿಗೂ ಮೇಲೆ. ಕಬ್‌ನದು ಸುಮಾರು 10. ನಿಧಾನವಾಗಿ ತಿರುಗುವ, ಕಡಿಮೆ ಬಿಸಿಯಾಗುವ, ವರ್ಷಗಟ್ಟಲೆ ಸವೆಯದ ಎಂಜಿನ್ ಬೇಕಿತ್ತು, ಹಾಗೇ ಮಾಡಿದರು. ನೀರು ತಳ್ಳುವ ಪಂಪು ಕೂಡ ಇರಲಿಲ್ಲ. ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸ್ವಭಾವದಿಂದಲೇ ರೇಡಿಯೇಟರಿನಲ್ಲಿ ನೀರು ಸುತ್ತುತ್ತಿತ್ತು. ಮುಂದಕ್ಕೆ ಮೂರು ಗೇರು, ಹಿಂದಕ್ಕೆ ಒಂದು. ಹಿಂದಿನ ಅಚ್ಚನ್ನು ಮೇಲಿಟ್ಟು, ಗಾಲಿಯ ಹತ್ತಿರ ಗೇರಿನ ಪೆಟ್ಟಿಗೆಯನ್ನು ಕೆಳಗಿಳಿಸಿದ್ದರಿಂದ ಹೊಟ್ಟೆಯಡಿ ಸುಮಾರು 20 ಇಂಚು ಜಾಗ ಸಿಕ್ಕಿತು. ಗಾಲಿಗಳ ನಡುವಿನ ಅಂತರವನ್ನು 40 ಇಂಚಿನಿಂದ 56 ಇಂಚಿನವರೆಗೆ ಬದಲಿಸಬಹುದಿತ್ತು.

ಈ 40 ಇಂಚು ಎಲ್ಲಿಂದ ಬಂತು ಗೊತ್ತೇ? ಅಮೆರಿಕದ ಹೊಲಗಳಲ್ಲಿ ಸಾಲಿನಿಂದ ಸಾಲಿಗೆ 40-42 ಇಂಚು ಬಿಡುತ್ತಿದ್ದರು. ಅಷ್ಟು ಬಿಟ್ಟರೆ ಮಾತ್ರ ಕುದುರೆ ನಡುವೆ ನಡೆಯಲು ಸಾಧ್ಯ. ಕುದುರೆಯ ಮೈಯ ಅಗಲ ಸಾಲಿನ ಅಗಲವಾಗಿತ್ತು, ಸಾಲಿನ ಅಗಲ ಟ್ರ್ಯಾಕ್ಟರಿನ ಅಗಲವಾಯಿತು. ಕುದುರೆಗಳೆಲ್ಲ ಹೋದ ಮೇಲೆ ಅಲ್ಲಿ ಮೆಕ್ಕೆಜೋಳದ ಸಾಲುಗಳು 30 ಇಂಚಿಗೆ ಇಳಿದವು. ನಡೆಯುವ ಪ್ರಾಣಿಯೇ ಇಲ್ಲದ ಮೇಲೆ ಅಷ್ಟು ಜಾಗ ಯಾಕೆ?

ಮೆಣಸಿನ ಗಿಡದ ಮೇಲೆ ಗಾಲಿ

ಇಲ್ಲಿಗೆ ನಮ್ಮ ಹೊಲಕ್ಕೆ ಬರಬೇಕು. ಎತ್ತು ಮಾರಿದ ವರ್ಷ ಅಪ್ಪ ಒಣಮೆಣಸಿನಕಾಯಿ ಹಾಕಿದ್ದ, ಸಾಲಿಗೆ ಎರಡೂವರೆ ಅಡಿ. ಎಡೆ ಹೊಡೆಯಲು ಬಾಡಿಗೆಗೆ ಎತ್ತು ಹುಡುಕಿದ. ಊರಲ್ಲಿ ಉಳಿದಿದ್ದೇ ಕೆಲವು ಜೋಡಿ, ಹದ ಬಂದಾಗ ಎಲ್ಲರಿಗೂ ಒಂದೇ ದಿನ ಬೇಕು. ಕಾದು ಸಾಕಾಗಿ ಬಾಡಿಗೆ ಟ್ರ್ಯಾಕ್ಟರಿನವನನ್ನೇ ಕರೆದ. 45 ಅಶ್ವಶಕ್ತಿಯ ಟ್ರ್ಯಾಕ್ಟರ್, ಹಿಂದೆ ಕಲ್ಟಿವೇಟರ್. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಅಪ್ಪ ಕೈಯೆತ್ತಿ ನಿಲ್ಲಿಸಿದನಂತೆ. ಎರಡೂ ಬದಿಯ ಗಿಡಗಳ ಟೊಂಗೆ ಮುರಿದು ನೆಲ ಹಿಡಿದಿದ್ದವು. ಚಾಲಕ, ನನ್ನ ತಪ್ಪಲ್ಲ ಎಂದನಂತೆ. ಅವನ ತಪ್ಪು ನಿಜಕ್ಕೂ ಅಲ್ಲ.

ಅಪ್ಪನಿಗೆ ಅಳತೆ ಕೇಳಿ ಕಾಗದದ ಮೇಲೆ ಗೆರೆ ಎಳೆದೆ. ಆ ಟ್ರ್ಯಾಕ್ಟರಿನ ಹಿಂಗಾಲಿಗಳ ನಡುಮಧ್ಯದ ಅಂತರ ನಾಲ್ಕೂವರೆ ಅಡಿ. ನಮ್ಮ ಎರಡು ಸಾಲನ್ನು ಹೊಟ್ಟೆಯಡಿ ಹಾಯಿಸಲು ಬೇಕಾದದ್ದು ಐದು ಅಡಿ. ಟೈರಿನ ಅಗಲವೇ ಒಂದು ಅಡಿ ಮೀರಿದೆ. ಅಂದರೆ ಟ್ರ್ಯಾಕ್ಟರ್ ದಾರ ಹಿಡಿದಷ್ಟು ನೇರ ಹೋದರೂ ಗಿಡದ ಬುಡಕ್ಕೂ ಟೈರಿಗೂ ಐದಿಂಚು ಅಂತರ. ಟೊಂಗೆ ಚಾಚಿದ ಮೆಣಸಿನ ಗಿಡಕ್ಕೆ ಅದು ಏನೇನೂ ಅಲ್ಲ. ಫೋರ್ಡ್ಸನ್ ಕೊಂಡ ಅಮೆರಿಕದ ರೈತನಿಗೆ ಆದದ್ದೇ ನೂರು ವರ್ಷದ ಮೇಲೆ ನಮ್ಮ ಹೊಲದಲ್ಲಿ ಆಗಿತ್ತು.

ಆಗ ಕಾಂದಿವಲಿಯ ಕಾರ್ಖಾನೆಯ ಇತಿಹಾಸವೂ ಓದಿದೆ. 1963ರಲ್ಲಿ ಮಹೀಂದ್ರದವರು ಇದೇ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಜೊತೆ ಸೇರಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾ ಕಟ್ಟಿದರು. ಅವರು ಇಲ್ಲಿ ತಯಾರಿಸಿದ್ದು ಬಿ-275. ಅದೂ ಕೆಂಪು, ಅದೂ ಹಾರ್ವೆಸ್ಟರ್ ಮನೆತನದ್ದೇ. ಆದರೆ ಅದು ಕಬ್‌ನ ತಮ್ಮನಲ್ಲ, ಇಂಗ್ಲೆಂಡಿನ ಡಾಂಕಾಸ್ಟರ್‌ನಲ್ಲಿ ರೂಪುಗೊಂಡ, 35 ಅಶ್ವಶಕ್ತಿಯ ಡೀಸೆಲ್ ಟ್ರ್ಯಾಕ್ಟರ್. ಆಗ ದೇಶಕ್ಕೆ ಬೇಕಾಗಿದ್ದದ್ದು ಆಳವಾಗಿ ಉಳುವುದು, ಟ್ರೇಲರ್ ಎಳೆಯುವುದು. ಅದಕ್ಕೆ ಬಿ-275 ಹೇಳಿ ಮಾಡಿಸಿದ್ದಾಗಿತ್ತು. ಹೀಗೆ ಫಾರ್ಮಾಲ್‌ನ ಮನೆತನ ಭಾರತಕ್ಕೆ ಬಂತು, ಸಾಲಿನ ನಡುವೆ ನಡೆಯುವ ಫಾರ್ಮಾಲ್‌ನ ವಿದ್ಯೆ ಮಾತ್ರ ಹಡಗು ಹತ್ತಲಿಲ್ಲ. ಇಲ್ಲಿ ಆ ಕೆಲಸಕ್ಕೆ ಎತ್ತುಗಳಿದ್ದವಲ್ಲ.

ಮುಂದೆ 1985ರಲ್ಲಿ ಹಾರ್ವೆಸ್ಟರ್‌ನ ಟ್ರ್ಯಾಕ್ಟರ್ ವ್ಯವಹಾರ ಇನ್ನೊಬ್ಬರ ಪಾಲಾಗಿ ರಾಕ್ ಐಲೆಂಡ್ ಕಾರ್ಖಾನೆಯ ಬಾಗಿಲು ಮುಚ್ಚಿತು. ಕಾಂದಿವಲಿಯದು ಉಳಿಯಿತು. ಮಹೀಂದ್ರ ಇವತ್ತು ಸಂಖ್ಯೆಯ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಟ್ರ್ಯಾಕ್ಟರ್ ಕಂಪನಿ.

ಕಬ್ ಯಾರನ್ನು ಉಳಿಸಿತು?

ಕಬ್ 1979ರವರೆಗೆ, 32 ವರ್ಷ, ತಯಾರಾಯಿತು. ಎರಡು ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಆದರೂ ಅದು ಯಾವ ರೈತನಿಗಾಗಿ ಹುಟ್ಟಿತೋ ಅವನು ಉಳಿಯಲಿಲ್ಲ. 1935ರಲ್ಲಿ ಅಮೆರಿಕದಲ್ಲಿ 68 ಲಕ್ಷ ಹಿಡುವಳಿಗಳಿದ್ದವು, ಈಗ 20 ಲಕ್ಷವೂ ಇಲ್ಲ. ದಕ್ಷಿಣದ ರಾಜ್ಯಗಳಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಭೂಮಾಲೀಕರು ಪಾಲಿಗೆ ಮಾಡುತ್ತಿದ್ದವರನ್ನು ಹೊಲ ಬಿಡಿಸಿದರು. 1954ರಲ್ಲಿ ಅಲ್ಲಿನ ಹೊಲಗಳಲ್ಲಿ ಮೊದಲ ಬಾರಿಗೆ ಟ್ರ್ಯಾಕ್ಟರುಗಳ ಸಂಖ್ಯೆ ಕುದುರೆ, ಹೇಸರಗತ್ತೆಗಳ ಸಂಖ್ಯೆಯನ್ನು ಮೀರಿತು.

ಎಡೆ ಹೊಡೆಯುವ ಟ್ರ್ಯಾಕ್ಟರಿಗೆ ಇನ್ನೆರಡು ಪೆಟ್ಟು ಬಿದ್ದವು. ಒಂದು, ಹ್ಯಾರಿ ಫರ್ಗ್ಯುಸನ್ ರೂಪಿಸಿದ, 1939ರ ಫೋರ್ಡ್ 9ಎನ್ ಮೂಲಕ ಹೆಸರಾದ, ಹಿಂದೆ ಮೂರು ಕೊಂಡಿಯಲ್ಲಿ ಸಲಕರಣೆ ಕಟ್ಟಿ ಹೈಡ್ರಾಲಿಕ್‌ನಿಂದ ಎತ್ತುವ ಪದ್ಧತಿ. ಅದು ಅನುಕೂಲದ್ದು, ಜಗತ್ತೆಲ್ಲ ಅದನ್ನೇ ಒಪ್ಪಿತು. ಆದರೆ ಕುಂಟೆ ಹೊಟ್ಟೆಯಡಿಯಿಂದ ಬೆನ್ನ ಹಿಂದಕ್ಕೆ ಹೋಯಿತು, ಚಾಲಕ ಕತ್ತು ತಿರುಗಿಸಿ ನೋಡಬೇಕಾಯಿತು. ಎರಡು, ಕಳೆನಾಶಕ. 1940ರ ದಶಕದ ಕೊನೆಯಿಂದ ಕಸ ಕೊಲ್ಲುವ ರಾಸಾಯನಿಕಗಳು ಬಂದ ಮೇಲೆ ಸಾಲಿನ ನಡುವೆ ಮತ್ತೆ ಮತ್ತೆ ಹಾಯುವ ಅಗತ್ಯವೇ ಕಡಿಮೆಯಾಯಿತು.

ಹಾಗಂತ ಇವು ಗುಜರಿಗೆ ಹೋಗಲಿಲ್ಲ. ಕಬ್‌ನ ಜೊತೆಗಾರ ಎನ್ನಬಹುದಾದ, 1948ರಿಂದ 1955ರವರೆಗೆ ಅಲಬಾಮಾದಲ್ಲಿ ತಯಾರಾದ ಆಲಿಸ್-ಚಾಮರ್ಸ್ ಜಿ ಎಂಬ ಟ್ರ್ಯಾಕ್ಟರಿದೆ. ಅದರ ಎಂಜಿನ್ ಚಾಲಕನ ಬೆನ್ನ ಹಿಂದಿದೆ, ಮುಂದೆ ಬರೀ ಎರಡು ಕೊಳವೆ ಮತ್ತು ನೆಲ. ರಾಸಾಯನಿಕ ಹಾಕದೆ ತರಕಾರಿ ಬೆಳೆಯುವ ಅಮೆರಿಕದ ಸಣ್ಣ ರೈತರು ಇವತ್ತಿಗೂ ಹಳೆಯ ಜಿ ಹುಡುಕಿ ಕೊಂಡು, ಎಂಜಿನ್ ಕಿತ್ತು ಬ್ಯಾಟರಿ, ಮೋಟರು ಕೂರಿಸಿ ಓಡಿಸುತ್ತಾರೆ. ಕಸವನ್ನು ಕತ್ತರಿಸಿಯೇ ತೆಗೆಯಬೇಕು ಎಂದವರಿಗೆ ಕುಡ ಕಾಣುವ ಆಸನವೇ ಬೇಕು.

ನಮ್ಮೂರಲ್ಲೂ ಆ ಎರಡನೆಯ ದಾರಿ ಹಿಡಿದವರಿದ್ದಾರೆ. "ಎಲ್ಲಾರೂ ಕಸದ ಎಣ್ಣಿ ಹೊಡ್ಯಾಕತ್ತಾರ. ನಾ ಹೊಡ್ಯಂಗಿಲ್ಲ. ಎಣ್ಣಿ ಕಸಾ ಕೊಲ್ಲತೈತಿ, ಮಣ್ಣಿನ ಬಾಯಿ ಮುಚ್ಚಂಗಿಲ್ಲ" ಎಂದ ಅಪ್ಪ. ಎರೆಮಣ್ಣಿನ ಬಿರುಕಿನ ಲೆಕ್ಕ ಅವನದು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಗಂಟು ಹಾಕಿದ ದಾರ

ಹೋದ ವರ್ಷ ರಜೆ ಹಾಕಿ ಊರಿಗೆ ಹೋದೆ. ಅಪ್ಪ, ನಮ್ಮ ಕಾಕಾ, ಕಾಕಾನ ಮಗ ಮತ್ತು ನಾನು ಹುಬ್ಬಳ್ಳಿಗೆ ಮಿನಿ ಟ್ರ್ಯಾಕ್ಟರ್ ನೋಡಲು ಹೊರಟೆವು. ಬೆಂಗಳೂರಿನ ವಿಎಸ್‌ಟಿ, ಮಹೀಂದ್ರ, ಸ್ವರಾಜ್ ಎಲ್ಲರದೂ ಈಗ 20 ಅಶ್ವಶಕ್ತಿಯೊಳಗಿನ ಟ್ರ್ಯಾಕ್ಟರುಗಳಿವೆ. ಸ್ವರಾಜ್‌ನ 11 ಅಶ್ವಶಕ್ತಿಯ ಒಂದಂತೂ ಶಕ್ತಿಯಲ್ಲಿ ಕಬ್‌ನ ಓರಗೆಯದೇ. ನಾನು ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ತಖ್ತೆ ಮಾಡಿಕೊಂಡು ಹೋಗಿದ್ದೆ: ಬೆಲೆ, ಸಬ್ಸಿಡಿ, ಕಂತು, ಡೀಸೆಲ್ಲು. ಅಪ್ಪ ಜೇಬಿನಿಂದ ಒಂದು ದಾರ ತೆಗೆದ. ಅಟ್ಟದ ಮೇಲಿದ್ದ ಎಡೆ ನೊಗ ಇಳಿಸಿ, ಸಾಲಿನ ಅಳತೆಗೆ ಗಂಟು ಹಾಕಿಕೊಂಡು ಬಂದಿದ್ದ.

ಮಾರಾಟದ ಹುಡುಗ ಮೈಲೇಜು, ಗ್ಯಾರಂಟಿ ಹೇಳುತ್ತಿದ್ದ. ಅಪ್ಪ ಕುಕ್ಕರಗಾಲಲ್ಲಿ ಕೂತು ಹಿಂದಿನ ಎರಡು ಟೈರಿನ ನಡುವೆ ದಾರ ಹಿಡಿದ. ಮೊದಲ ಟ್ರ್ಯಾಕ್ಟರಿಗೆ ತಲೆ ಅಲ್ಲಾಡಿಸಿದ. ಎರಡನೆಯದಕ್ಕೂ ಅಷ್ಟೇ. ಮೂರನೆಯದರ ಗಾಲಿಗಳನ್ನು ಒಳಕ್ಕೂ ಹೊರಕ್ಕೂ ಬದಲಿಸಬಹುದು ಎಂದು ಹುಡುಗ ತೋರಿಸಿದಾಗ, "ಎರಡೂವರಿ ಅಡಿಗೆ ನಿಲ್ಲಿಸು" ಎಂದ. ಟೈರು ಎಂಟಿಂಚು ಅಗಲದ್ದು. ಒಂದು ಸಾಲು ಹೊಟ್ಟೆಯಡಿ ಹಾಯಿಸಿದರೆ ಗಿಡಕ್ಕೂ ಟೈರಿಗೂ ಎರಡೂ ಕಡೆ ಹನ್ನೊಂದು ಇಂಚು ಉಳಿಯುತ್ತದೆ. ಆಮೇಲೆ ಹೊಟ್ಟೆಯಡಿ ಕೈ ಹಾಕಿ ನೋಡಿ, "ಇದು ಗಿಡ್ಡ" ಎಂದ. ಒಂದು ಅಡಿಯ ಆಸುಪಾಸು. ಕಬ್‌ಗೆ ಇದ್ದ 20 ಇಂಚು ಇದಕ್ಕಿಲ್ಲ. ಅಂದರೆ ಮೊದಲ ಎರಡು ಎಡೆ ಇದರಿಂದ ಆಗುತ್ತದೆ, ಗಿಡ ಮೊಣಕಾಲುದ್ದ ಬಂದ ಮೇಲೆ ಆಳುಗಳೇ ಬೇಕು. ಕುಂಟೆಯೂ ಬೆನ್ನ ಹಿಂದೆಯೇ.

ನಾಲ್ಕು ಎಕರೆಗೆ ಒಬ್ಬನೇ ಕೊಂಡರೆ ಕಂತು ಕಟ್ಟುವುದರಲ್ಲೇ ಮೆಣಸಿನಕಾಯಿ ಹೋಗುತ್ತದೆ ಎಂದು ನನ್ನ ತಖ್ತೆ ಹೇಳಿತು. ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರದಲ್ಲಿ ತೆಗೆದುಕೊಳ್ಳೋಣ ಎಂದೆ. "ಹದಾ ಬಂದ ದಿನ ಎಲ್ಲಾರಿಗೂ ಬೇಕಾಗತೈತಿ" ಎಂದ ಕಾಕಾ. ಬಾಡಿಗೆ ಎತ್ತಿನ ಪಾಠ ಅವರಿಗೂ ಗೊತ್ತಿತ್ತು. ಕೊನೆಗೆ ಅಪ್ಪ, ಕಾಕಾ, ಪಕ್ಕದ ಹೊಲದವರು ಮೂರು ಮನೆ ಸೇರಿ, ಎರಡು ವರ್ಷ ಹಳೆಯದೊಂದನ್ನು ಕೊಂಡರು. ಓಡಿಸುವುದು ಕಾಕಾನ ಮಗ. ಮೂರೂ ಮನೆಯವರು ಸಾಲಿನ ಅಳತೆಯನ್ನು ಎರಡೂವರೆ ಅಡಿಗೇ ಇಟ್ಟುಕೊಳ್ಳಬೇಕು ಎಂಬುದು ಅಪ್ಪ ಹಾಕಿದ ಒಂದೇ ಷರತ್ತು.

ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಕೊಟ್ಟಿಗೆ ಖಾಲಿ, ಹಾಗಾಗಿ ಸಗಣಿ ಗೊಬ್ಬರ ಈಗ ದುಡ್ಡು ಕೊಟ್ಟು ತರಬೇಕು. ಅದು ನನ್ನ ತಖ್ತೆಯಲ್ಲಿ ಇರಲಿಲ್ಲ, ಅವ್ವ ನೆನಪಿಸಿದಳು. ಕಂತಿನ ನಮ್ಮ ಪಾಲನ್ನು ನಾನು ಇಲ್ಲಿಂದ ಕಳಿಸುತ್ತೇನೆ. ಹೊಲಕ್ಕೆ ನಾನು ಮಾಡುತ್ತಿರುವ ಕೆಲಸ ಅಷ್ಟೇ.

ಈ ಮಳೆಗಾಲದಲ್ಲಿ ಕಾಕಾನ ಮಗ ಹೊಲದಿಂದ ವಿಡಿಯೊ ಕರೆ ಮಾಡಿದ. ಫೋನನ್ನು ಬದುವಿನ ಮೇಲೆ ಯಾರ ಕೈಗೋ ಕೊಟ್ಟು ಟ್ರ್ಯಾಕ್ಟರ್ ಹತ್ತಿದ. ಮೆಣಸಿನ ಸಾಲುಗಳ ನಡುವೆ ಅದು ನಿಧಾನವಾಗಿ ಹೊರಟಿತು. ಮೊಣಕಾಲು ಏಳುವುದಿಲ್ಲ ಎನ್ನುವ ಅಪ್ಪ ಅದರ ಹಿಂದೆಯೇ ನಡೆಯುತ್ತಿದ್ದ, ಕಣ್ಣು ಕುಡದ ಮೇಲೆ. ಎರಡು ಕಡೆ "ಎಡಕ್ಕ, ಎಡಕ್ಕ" ಎಂದು ಕೂಗಿದ. ಎತ್ತಿಗೆ ಹೇಳುತ್ತಿದ್ದ ದನಿಯೇ. ಹುಡುಗ ಕತ್ತು ತಿರುಗಿಸದೆ ಸ್ಟಿಯರಿಂಗ್ ಎಳೆದ.

ನಾನು ಆಕುರ್ಲಿ ನಿಲ್ದಾಣದ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಒಂದು ಮೆಟ್ರೊ ಹೋಯಿತು. ಸಾಲು ಮುಗಿಯುವವರೆಗೆ ನೋಡಿ, ಮುಂದಿನದಕ್ಕೆ ಹತ್ತಿದೆ.